ಪುಟಾಣಿಗಳಿಗೆ ಬೈಬಲ್ ಕಥೆ: ಬಿಡಬಹುದಾದದ್ದೇನು, ಬದಲಿಸಬಾರದ್ದೇನು?

ಕಿಟಕಿಯಿಂದ ಉದ್ದನೆಯ ಕತ್ತನ್ನು ಹೊರಚಾಚಿದ ಜಿರಾಫೆ, ಚಾವಣಿಯ ಮೇಲೆ ಕುಳಿತ ಪಾರಿವಾಳ, ಆಗಸದಲ್ಲಿ ಕಾಮನಬಿಲ್ಲು, ಜೊತೆಗೊಬ್ಬ ಬಿಳಿಗಡ್ಡದ ನಗುಮೊಗದ ಅಜ್ಜ. ನೋಹನ ನಾವೆಯ ಈ ಚಿತ್ರವು ಮಕ್ಕಳ ಪುಸ್ತಕಗಳಿಂದ ಹಿಡಿದು ಆಟಿಕೆಗಳವರೆಗೆ ಎಲ್ಲೆಡೆಯೂ ಪರಿಚಿತ. ಆದರೆ ಬೈಬಲ್ಲಿನ ಆದಿಕಾಂಡವನ್ನು ತೆರೆದು ಮೂಲ ಕಥೆಯನ್ನು ಓದಿದವರಿಗೆ ಬೇರೆಯದೇ ದೃಶ್ಯ ಎದುರಾಗುತ್ತದೆ. ಲೋಕವನ್ನು ತುಂಬಿದ ಹಿಂಸೆಯನ್ನು ಕಂಡು ದೇವರು ನೊಂದುಕೊಂಡ ಕಥೆಯದು. ನಾವೆಯೊಳಗಿದ್ದ ಎಂಟು ಮಂದಿ ಮತ್ತು ಅವರೊಡನಿದ್ದ ಪ್ರಾಣಿಪಕ್ಷಿಗಳ ಹೊರತು ನೆಲದ ಮೇಲಿನ ಜೀವರಾಶಿಯೆಲ್ಲ ಪ್ರಳಯದ ನೀರಿನಲ್ಲಿ ಮುಳುಗಿಹೋದ ಕಥೆ.

ಈ ಎರಡು ಚಿತ್ರಗಳ ನಡುವಿನ ಅಂತರವೇ ಮಕ್ಕಳಿಗಾಗಿ ಬೈಬಲ್ ಕಥೆಗಳನ್ನು ಹೇಳುವವರ ಮುಂದಿರುವ ಸವಾಲು. ನಾಲ್ಕೈದು ವರ್ಷದ ಮಗುವಿಗೆ ಪ್ರಳಯದ ಭೀಕರತೆಯನ್ನು ಬಣ್ಣಿಸುವುದು ಸರಿಯಲ್ಲ. ಹಾಗೆಂದು ಅದನ್ನು ಮೃಗಾಲಯದ ವಿಹಾರವನ್ನಾಗಿ ಮಾಡಿಬಿಟ್ಟರೆ ಉಳಿಯುವುದು ಬೈಬಲ್ ಕಥೆಯೇ ಎಂಬ ಪ್ರಶ್ನೆ ಏಳುತ್ತದೆ. ಮಗುವಿನ ವಯಸ್ಸಿಗೆ ತಕ್ಕಂತೆ ಏನನ್ನು ಬಿಡಬೇಕು, ಎಷ್ಟನ್ನು ಮೃದುಗೊಳಿಸಬೇಕು, ಯಾವುದನ್ನು ಎಂದಿಗೂ ಬದಲಿಸಬಾರದು ಎಂಬುದು ಪೋಷಕರನ್ನೂ ಶಿಕ್ಷಕರನ್ನೂ ಲೇಖಕರನ್ನೂ ಶತಮಾನಗಳಿಂದ ಕಾಡುತ್ತ ಬಂದಿರುವ ವಿಚಾರ.

ಇದು ಕ್ರೈಸ್ತರಿಗಷ್ಟೇ ಸಂಬಂಧಿಸಿದ ವಿಷಯವೂ ಅಲ್ಲ. ನೋಹ, ಅಬ್ರಹಾಮ, ಮೋಶೆ, ದಾವೀದ, ದಾನಿಯೇಲರ ಕಥೆಗಳು ಮೂಲತಃ ಯೆಹೂದ್ಯರ ಧರ್ಮಗ್ರಂಥಕ್ಕೆ ಸೇರಿದವು. ಇವರಲ್ಲಿ ಹಲವರು ಕುರಾನಿನಲ್ಲಿಯೂ ಕಾಣಿಸಿಕೊಳ್ಳುತ್ತಾರೆ. ನಮ್ಮ ನಗರಗಳ ಶಾಲೆಗಳಲ್ಲಿ ಕ್ರಿಸ್ಮಸ್ ನಾಟಕದಲ್ಲಿ ಕುರುಬನಾಗಿಯೋ ದೇವದೂತನಾಗಿಯೋ ವೇಷ ಕಟ್ಟುವ ಮಕ್ಕಳು ಎಲ್ಲ ಧರ್ಮಗಳ ಮನೆಗಳಿಂದಲೂ ಬಂದವರಾಗಿರುತ್ತಾರೆ.

ಪುನರ್ನಿರೂಪಣೆ ಏಕೆ ಬೇಕು?

ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಸಂಗ್ರಹ. ಪ್ರಾಟೆಸ್ಟೆಂಟರ ಬೈಬಲ್ಲಿನಲ್ಲಿ 66 ಪುಸ್ತಕಗಳಿದ್ದರೆ ಕಥೋಲಿಕರದ್ದರಲ್ಲಿ 73 ಇವೆ. ಕಾನೂನು, ವಂಶಾವಳಿ, ಕೀರ್ತನೆ, ಪ್ರವಾದನೆ, ಪತ್ರಗಳ ನಡುವೆ ಕಥೆಗಳು ಹರಡಿಕೊಂಡಿವೆ. ಹೀಬ್ರೂ, ಸ್ವಲ್ಪ ಭಾಗ ಅರಾಮಿಕ್ ಹಾಗೂ ಗ್ರೀಕ್ ಭಾಷೆಗಳಲ್ಲಿ ರಚಿತವಾದ ಈ ಬರಹಗಳನ್ನು ಪುಟ್ಟ ಮಕ್ಕಳನ್ನು ಮುಂದಿಟ್ಟುಕೊಂಡು ಯಾರೂ ಬರೆದದ್ದಲ್ಲ.

ಇನ್ನೊಂದು ತೊಡಕೂ ಇದೆ. ಬೈಬಲ್ಲಿನ ಕಥನ ಶೈಲಿ ಅತ್ಯಂತ ಮಿತವಾದದ್ದು. ಅಬ್ರಹಾಮನು ಮಗ ಇಸಾಕನನ್ನು ಬಲಿ ಕೊಡಲು ಕರೆದೊಯ್ಯುವ ಪ್ರಸಂಗ ಆದಿಕಾಂಡದ 22ನೇ ಅಧ್ಯಾಯದ ಮೊದಲ 19 ವಚನಗಳಲ್ಲಿ ಮುಗಿದುಹೋಗುತ್ತದೆ. ಮೂರು ದಿನದ ದಾರಿಯಲ್ಲಿ ತಂದೆ ಏನನ್ನು ಯೋಚಿಸಿದ, ಮಗನ ಮನಸ್ಸಿನಲ್ಲಿ ಏನಿತ್ತು, ತಾಯಿ ಸಾರಳಿಗೆ ವಿಷಯ ತಿಳಿದಿತ್ತೇ ಎಂಬ ಒಂದು ಮಾತೂ ಅಲ್ಲಿಲ್ಲ. ಆದ್ದರಿಂದ ಮಕ್ಕಳಿಗೆ ಕಥೆ ಹೇಳುವವರು ಮೂಲದಿಂದ ಕೆಲವನ್ನು ಕಳೆಯುವುದು ಮಾತ್ರವಲ್ಲ, ಕೆಲವನ್ನು ಕೂಡಿಸಲೂಬೇಕಾಗುತ್ತದೆ. ಹೀಗೆ ಕಳೆದು ಕೂಡಿಸುವಾಗಲೇ ಕಥೆಯ ಅರ್ಥ ಬೇರೆಡೆಗೆ ತಿರುಗಿಬಿಡುವ ಅಪಾಯವಿರುತ್ತದೆ.

ಐದು ಶತಮಾನಗಳ ಪರಂಪರೆ

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ತಮ್ಮ ಪ್ರಾರ್ಥನಾ ಪುಸ್ತಕದೊಂದಿಗೆ 'ಪಾಸಿಯೊನಾಲ್' ಎಂಬ ಸಚಿತ್ರ ಭಾಗವನ್ನು ಸೇರಿಸಿ ಹೊರತಂದರು. ಮರದ ಅಚ್ಚಿನಿಂದ ಮುದ್ರಿಸಿದ 50ರಷ್ಟು ಚಿತ್ರಗಳು, ಅವುಗಳ ಜೊತೆಗೆ ಚುಟುಕಾದ ಬೈಬಲ್ ಪಾಠ ಅದರಲ್ಲಿದ್ದವು. ಮಕ್ಕಳೂ ಸಾಮಾನ್ಯ ಜನರೂ ಬರಿಯ ಮಾತಿಗಿಂತ ಚಿತ್ರದಿಂದ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಲೂಥರ್ ಅವರ ಅಭಿಪ್ರಾಯವಾಗಿತ್ತು. ಮಕ್ಕಳ ಬೈಬಲ್ಲುಗಳ ಇತಿಹಾಸದಲ್ಲಿ ಈ ಕೃತಿಗೆ ಮೊದಲ ಸಾಲಿನ ಸ್ಥಾನವಿದೆ.

1714ರಲ್ಲಿ ಹ್ಯಾಂಬರ್ಗಿನ ಶಾಲಾ ಮುಖ್ಯಸ್ಥ ಯೊಹಾನ್ ಹ್ಯೂಬ್ನರ್ ಪ್ರಕಟಿಸಿದ ಕಥಾಸಂಗ್ರಹ ಈ ಪ್ರಕಾರಕ್ಕೆ ಶಾಲೆಯ ಶಿಸ್ತನ್ನು ತಂದಿತು. ಹಳೆಯ ಒಡಂಬಡಿಕೆಯಿಂದ 52, ಹೊಸ ಒಡಂಬಡಿಕೆಯಿಂದ 52 ಕಥೆಗಳು, ಅಂದರೆ ವರ್ಷದ ವಾರವೊಂದಕ್ಕೆ ಎರಡರ ಲೆಕ್ಕ. ಪ್ರತಿ ಕಥೆಯ ಕೊನೆಗೆ ಪ್ರಶ್ನೆಗಳು, ನೀತಿಬೋಧೆ, ಭಕ್ತಿಯ ಚಿಂತನೆ. ನೆನಪು, ತಿಳಿವಳಿಕೆ ಮತ್ತು ಸಂಕಲ್ಪ ಈ ಮೂರನ್ನೂ ಬೆಳೆಸುವುದು ಅವರ ಉದ್ದೇಶ. ಕಥೆ ಮುಗಿದೊಡನೆ 'ಇದರಿಂದ ನಾವು ಕಲಿಯುವ ಪಾಠವೇನು?' ಎಂದು ಕೇಳುವ ಪದ್ಧತಿ ಬೇರೂರಲು ಇಂಥ ಪುಸ್ತಕಗಳ ಕೊಡುಗೆ ದೊಡ್ಡದು. ಇಂಗ್ಲೆಂಡಿನಲ್ಲಿ ಸಾರಾ ಟ್ರಿಮ್ಮರ್ 1782ರಿಂದ ಆರಂಭಿಸಿ ಹಲವು ಸಂಪುಟಗಳಲ್ಲಿ ಎಳೆಯರಿಗಾಗಿ ಬೈಬಲ್ ಇತಿಹಾಸವನ್ನು ಬರೆದರು.

ಈ ಪರಂಪರೆಯ ಒಂದು ಕೊಂಡಿ ಕರಾವಳಿಗೂ ತಾಗುತ್ತದೆ. ಹ್ಯೂಬ್ನರ್ ಅವರ 52ರ ಮಾದರಿಯಲ್ಲೇ ಜರ್ಮನಿಯ ಕಾಲ್ವ್ ಪಟ್ಟಣದ ಕ್ರಿಸ್ಟಿಯಾನ್ ಗಾಟ್ಲೋಬ್ ಬಾರ್ತ್ 1832ರಲ್ಲಿ ಹೊರತಂದ ಬೈಬಲ್ ಕಥೆಗಳು ಮಿಷನರಿಗಳ ಮೂಲಕ ಜಗತ್ತಿನ ಹತ್ತಾರು ಭಾಷೆಗಳನ್ನು ತಲುಪಿದವು. ಬಾರ್ತ್ 1862ರಲ್ಲಿ ತೀರಿಕೊಂಡ ಬಳಿಕ ಅವರ ಪ್ರಕಾಶನ ಸಂಸ್ಥೆಯ ಹೊಣೆ ಹೊತ್ತವರು ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್. ಮಲಬಾರಿನಲ್ಲಿ ದುಡಿದ ಈ ವಿದ್ವಾಂಸರ ಮಲಯಾಳಂ ನಿಘಂಟು 1872ರಲ್ಲಿ ಮುದ್ರಣಗೊಂಡದ್ದು ಮಂಗಳೂರಿನಲ್ಲಿ. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್, ತಮ್ಮ ಪ್ರಸಿದ್ಧ ನಿಘಂಟಿಗೆ ಮೂರು ದಶಕಗಳ ಮೊದಲೇ, 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಬದುಕನ್ನು ಕನ್ನಡ ಪದ್ಯಕ್ಕೆ ಒಗ್ಗಿಸಿದ್ದರು. ಅದು ಮಕ್ಕಳ ಪುಸ್ತಕವಲ್ಲವಾದರೂ, ಕಥೆ ಹೊಸ ಊರಿಗೆ ಬಂದಾಗ ಆ ಊರಿನ ಲಯವನ್ನೂ ಪಡೆಯಬೇಕೆಂಬ ಅರಿವು ಅಲ್ಲಿದೆ.

ಅಮೆರಿಕದ ವಿದ್ವಾಂಸೆ ರೂತ್ ಬಾಟಿಗೈಮರ್ 1996ರಲ್ಲಿ ಪ್ರಕಟಿಸಿದ ಮಕ್ಕಳ ಬೈಬಲ್ಲುಗಳ ಇತಿಹಾಸ ಒಂದು ಮಹತ್ವದ ಸಂಗತಿಯನ್ನು ಎತ್ತಿ ತೋರಿಸಿತು. ಮೂಲ ಗ್ರಂಥ ಬದಲಾಗದಿದ್ದರೂ ಮಕ್ಕಳಿಗೆ ಹೇಳಲಾದ ಕಥೆಗಳು ಕಾಲದಿಂದ ಕಾಲಕ್ಕೆ, ದೇಶದಿಂದ ದೇಶಕ್ಕೆ ಬದಲಾಗುತ್ತ ಬಂದಿವೆ. ಒಂದು ಕಾಲದಲ್ಲಿ ಮಕ್ಕಳಿಗೆ ಸಂಕೋಚವಿಲ್ಲದೆ ಹೇಳುತ್ತಿದ್ದ ನೋಹನ ಕುಡಿತದಂತಹ ಪ್ರಸಂಗಗಳು ಮುಂದೆ ಕಣ್ಮರೆಯಾದವು. ಅಂದರೆ ಮಕ್ಕಳ ಬೈಬಲ್ಲು ಬೈಬಲ್ಲಿನ ಜೊತೆಗೆ, ಆಯಾ ಕಾಲದ ಹಿರಿಯರು ಮಕ್ಕಳಿಂದ ಏನನ್ನು ಬಯಸಿದರು ಎಂಬುದನ್ನೂ ಹೇಳುತ್ತದೆ.

ಬಿಟ್ಟದ್ದು ಮತ್ತು ತಿದ್ದಿದ್ದು

ಬಿಡುವುದಕ್ಕೂ ಬದಲಿಸುವುದಕ್ಕೂ ಇರುವ ವ್ಯತ್ಯಾಸ ಕೆಲವು ಉದಾಹರಣೆಗಳಿಂದ ಸ್ಪಷ್ಟವಾದೀತು. ದಾವೀದ ಮತ್ತು ಗೊಲ್ಯಾತರ ಕಥೆಯನ್ನು ನೋಡಬಹುದು. ಹಳ್ಳದಿಂದ ಆರಿಸಿದ ಐದು ನುಣುಪು ಕಲ್ಲುಗಳಲ್ಲಿ ಒಂದನ್ನು ಕವಣೆಯಿಂದ ಬೀಸಿ ಕುರಿ ಕಾಯುವ ಹುಡುಗ ದೈತ್ಯನನ್ನು ಕೆಡಹುತ್ತಾನೆ. ಮೂಲದಲ್ಲಿ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ದಾವೀದನು ಗೊಲ್ಯಾತನ ಕತ್ತಿಯಿಂದಲೇ ಅವನ ತಲೆಯನ್ನು ಕಡಿಯುತ್ತಾನೆ. ಪುಟ್ಟ ಮಕ್ಕಳಿಗೆ ಹೇಳುವಾಗ ಗೊಲ್ಯಾತ ಬಿದ್ದನೆಂಬಲ್ಲಿಗೆ ನಿಲ್ಲಿಸಿದರೆ ಕಥೆಗೆ ಧಕ್ಕೆಯಿಲ್ಲ. ಅದು ಬಿಡುವುದು.

ಇನ್ನು ಗೊಲ್ಯಾತನ ಎತ್ತರ. ಸಾಂಪ್ರದಾಯಿಕ ಹೀಬ್ರೂ ಪಾಠದ ಪ್ರಕಾರ ಅದು ಆರು ಮೊಳ ಒಂದು ಗೇಣು, ಅಂದರೆ ಹೆಚ್ಚುಕಡಿಮೆ ಒಂಬತ್ತೂವರೆ ಅಡಿ. ಆದರೆ ಪ್ರಾಚೀನ ಗ್ರೀಕ್ ಅನುವಾದದಲ್ಲಿಯೂ ಮೃತ ಸಮುದ್ರದ ಬಳಿ ದೊರೆತ ಸಮುವೇಲನ ಪುಸ್ತಕದ ಹಸ್ತಪ್ರತಿಯಲ್ಲಿಯೂ ಅದು ನಾಲ್ಕು ಮೊಳ ಒಂದು ಗೇಣು, ಅಂದರೆ ಸುಮಾರು ಆರೂವರೆ ಅಡಿ. ಕಥೆ ಹೇಳುವಾಗ ಎತ್ತರ ಹಿಗ್ಗುವುದು ಇಂದು ನಿನ್ನೆಯ ರೂಢಿಯಲ್ಲವೇನೋ!

ಸಿಂಹಗಳ ಗುಹೆಗೆ ದೂಡಲ್ಪಟ್ಟ ದಾನಿಯೇಲನದ್ದು ಮತ್ತೊಂದು ನಿದರ್ಶನ. ಅನೇಕ ಚಿತ್ರಪುಸ್ತಕಗಳಲ್ಲಿ ಅವನು ಎಳೆಯ ಯುವಕ. ಆದರೆ ಪುಸ್ತಕದೊಳಗಿನ ಕಾಲಗಣನೆಯನ್ನೇ ಹಿಡಿದರೆ, ಹುಡುಗನಾಗಿ ಬಾಬಿಲೋನಿಗೆ ಸೆರೆಹೋದ ಅವನು ದಾರ್ಯಾವೆಷ ರಾಜನ ಹೊತ್ತಿಗೆ 80ರ ಆಸುಪಾಸಿನ ಮುದುಕ. ಮುದುಕನೊಬ್ಬ ಹೆದರದೆ ನಿಂತ ಎಂಬ ಚಿತ್ರವನ್ನು ಮಕ್ಕಳಿಂದ ಮರೆಮಾಚಲು ಯಾವ ಕಾರಣವೂ ಇಲ್ಲ. ಅದು ಬದಲಿಸುವುದು. ದಾನಿಯೇಲನ ಮೇಲೆ ದೂರು ಹೇಳಿದವರನ್ನು ಅವರ ಹೆಂಡತಿ ಮಕ್ಕಳ ಸಮೇತ ಸಿಂಹಗಳಿಗೆ ಎಸೆದರೆಂಬ ಕೊನೆಯ ಭಾಗವನ್ನು ಎಳೆಯರಿಗೆ ಹೇಳದಿರುವುದಾದರೋ ವಿವೇಕದ ಕೆಲಸ.

ಕೂಡಿಸಿದ ಸಂಗತಿಗಳೂ ಕಡಿಮೆಯಿಲ್ಲ. ಏದೆನ್ ತೋಟದ ಹಣ್ಣು ಸೇಬೆಂದು ಬೈಬಲ್ ಹೇಳುವುದಿಲ್ಲ. ಯೋನನನ್ನು ನುಂಗಿದ್ದು ದೊಡ್ಡ ಮೀನು. ತಿಮಿಂಗಿಲವೆಂಬುದು ನಂತರದ ಕಲ್ಪನೆ. ಮೂಡಣದಿಂದ ಬಂದ ಜ್ಞಾನಿಗಳು ಮೂವರೆಂದಾಗಲಿ ರಾಜರೆಂದಾಗಲಿ ಮತ್ತಾಯನು ಬರೆದಿಲ್ಲ. ಕಾಣಿಕೆಗಳು ಮಾತ್ರ ಮೂರು. ಜಾಗವಿಲ್ಲವೆಂದು ಬಾಗಿಲು ಮುಚ್ಚುವ ಛತ್ರದವನಾಗಲಿ, ಮರಿಯಳನ್ನು ಹೊತ್ತು ತಂದ ಕತ್ತೆಯಾಗಲಿ ಸುವಾರ್ತೆಗಳಲ್ಲಿ ಕಾಣಿಸುವುದಿಲ್ಲ. ಇವುಗಳಿಂದ ದೊಡ್ಡ ಹಾನಿಯೇನೂ ಇಲ್ಲ. ಶಾಲೆಯ ನಾಟಕದಲ್ಲಿ ಇನ್ನೊಂದು ಮಗುವಿಗೆ ಪಾತ್ರ ಸಿಗಲೆಂದು ಛತ್ರದವನು ಬಂದರೆ ಬರಲಿ. ಕಥೆಯ ತಿರುಳನ್ನೇ ತಿರುಚುವ ಸೇರ್ಪಡೆಗಳ ಬಗ್ಗೆಯಷ್ಟೇ ಎಚ್ಚರ ಬೇಕು.

ನೀತಿಪಾಠದ ಭಾರ

ಅಂಥ ಸೇರ್ಪಡೆಗಳಲ್ಲಿ ಮುಖ್ಯವಾದುದು ಅವಸರದ ನೀತಿ. ಯೋನನ ಕಥೆಯನ್ನು ಬಹಳಷ್ಟು ಪುಸ್ತಕಗಳು ಹಿರಿಯರ ಮಾತು ಕೇಳದಿದ್ದರೆ ಶಿಕ್ಷೆ ಎಂಬ ಪಾಠವನ್ನಾಗಿ ಮಾಡಿವೆ. ಮೀನು ಯೋನನನ್ನು ದಡಕ್ಕೆ ಕಾರಿದ ಮೇಲೆ, ಅಥವಾ ನಿನೆವೆಯ ಜನ ಪಶ್ಚಾತ್ತಾಪ ಪಟ್ಟ ಮೇಲೆ ಕಥೆ ಮುಗಿದುಬಿಡುತ್ತದೆ. ಮೂಲದಲ್ಲಿ ನಾಲ್ಕನೆಯ ಅಧ್ಯಾಯವೊಂದು ಉಳಿದಿದೆ. ಶತ್ರುಗಳ ಊರನ್ನು ದೇವರು ಕ್ಷಮಿಸಿದನೆಂದು ಯೋನನು ಮುನಿಸಿಕೊಂಡು ಊರಾಚೆ ಕುಳಿತುಕೊಳ್ಳುತ್ತಾನೆ. ನೆರಳು ಕೊಟ್ಟ ಗಿಡ ಒಣಗಿದಾಗ ಮತ್ತಷ್ಟು ಸಿಟ್ಟಾಗುತ್ತಾನೆ. ಒಂದು ಗಿಡಕ್ಕಾಗಿ ನೀನು ಇಷ್ಟು ಮರುಗುವಾಗ, ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರೂ ಅಷ್ಟೊಂದು ದನಕರುಗಳೂ ಇರುವ ಊರಿಗಾಗಿ ನಾನು ಮರುಗಬಾರದೇ ಎಂಬ ಅರ್ಥದ ದೇವರ ಪ್ರಶ್ನೆಯೊಂದಿಗೆ ಪುಸ್ತಕ ಕೊನೆಗೊಳ್ಳುತ್ತದೆ. ಯೋನ ಏನೆಂದು ಉತ್ತರಿಸಿದ ಎಂಬುದನ್ನು ಹೇಳಿಲ್ಲ.

ಮುನಿಸಿಕೊಂಡು ಮೂಲೆಯಲ್ಲಿ ಕೂರುವುದೆಂದರೇನೆಂದು ಐದು ವರ್ಷದ ಮಗುವಿಗೆ ಚೆನ್ನಾಗಿಯೇ ಗೊತ್ತು. ಇಡೀ ಕಥೆಯಲ್ಲಿ ಅದಕ್ಕೆ ಅತ್ಯಂತ ಹತ್ತಿರವಾದ ಭಾಗವನ್ನೇ ಕತ್ತರಿಸಿ ಶಿಕ್ಷೆಯ ಭಯವನ್ನಷ್ಟೇ ಉಳಿಸುವುದು ಮಗುವಿಗೂ ಕಥೆಗೂ ಮಾಡಿದ ಅನ್ಯಾಯ.

ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿಯೂ ಇದೇ ಆಗುತ್ತದೆ. ಕಷ್ಟದಲ್ಲಿರುವವರಿಗೆ ನೆರವಾಗಬೇಕು ಎಂಬ ಒಂದು ಸಾಲಿಗೆ ಅದನ್ನು ಇಳಿಸುವುದು ರೂಢಿ. ಆದರೆ ಅಂದಿನ ಯೆಹೂದ್ಯರಿಗೂ ಸಮಾರ್ಯದವರಿಗೂ ಪರಸ್ಪರ ಆಗುತ್ತಿರಲಿಲ್ಲ ಎಂಬುದನ್ನು ಹೇಳದಿದ್ದರೆ ಕಥೆಯ ಜೀವವೇ ಹೋಯಿತು. ದಾರಿಯಲ್ಲಿ ಬಿದ್ದವನನ್ನು ತನ್ನವರು ದಾಟಿಹೋದರು. ಯಾರನ್ನು ಕೀಳೆಂದು ತಿಳಿದಿದ್ದನೋ ಅವನೇ ಎತ್ತಿ ಆರೈಕೆ ಮಾಡಿದ. ಹೊರಗಿನವನೆಂದು ಕರೆಯಿಸಿಕೊಳ್ಳುವ ಮಗು ಪ್ರತಿ ತರಗತಿಯಲ್ಲಿಯೂ ಇರುವಾಗ ಈ ಅಂಶವನ್ನು ಬಿಡುವುದು ಸಲ್ಲದು. 'ಆ ಊರಿನವರನ್ನು ಕಂಡರೆ ಈ ಊರಿನವರಿಗೆ ಆಗುತ್ತಿರಲಿಲ್ಲ' ಎಂಬ ಒಂದೇ ವಾಕ್ಯ ಸಾಕು.

ಯೇಸುವಿನ ಮರಣವನ್ನು ಹೇಳುವಾಗ ಪದಗಳ ಆಯ್ಕೆಗೆ ಇನ್ನೂ ಹೆಚ್ಚಿನ ಹೊಣೆಯಿದೆ. ಯೆಹೂದ್ಯರು ಯೇಸುವನ್ನು ಕೊಂದರು ಎಂಬ ಮಾತು ಯೂರೋಪಿನಲ್ಲಿ ತಲೆಮಾರುಗಳ ದ್ವೇಷಕ್ಕೆ ಎಡೆಮಾಡಿಕೊಟ್ಟಿತು. ಶಿಲುಬೆಗೇರಿಸುವ ಆಜ್ಞೆ ರೋಮನ್ ಅಧಿಪತಿ ಪಿಲಾತನದು. ಯೇಸು, ಅವನ ತಾಯಿ, ಮೊದಲ ಶಿಷ್ಯರು ಎಲ್ಲರೂ ಯೆಹೂದ್ಯರೇ. ಆ ಮರಣದ ಅಪವಾದವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಬಾಲ್ಯದಲ್ಲಿ ಕೇಳಿದ ಒಂದು ತಪ್ಪು ವಾಕ್ಯ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಠಿಣ ಕಥೆಗಳನ್ನು ಏನು ಮಾಡುವುದು?

ಇಸಾಕನ ಬಲಿಯ ಪ್ರಸಂಗಕ್ಕೆ ಮರಳೋಣ. ಯೆಹೂದ್ಯ ಮತ್ತು ಕ್ರೈಸ್ತ ಪರಂಪರೆಗಳಲ್ಲಿ ಇದು ವಿಶ್ವಾಸದ ಪರಮ ಪರೀಕ್ಷೆ. ಮುಸ್ಲಿಮರು ಬಕ್ರೀದ್ ಹಬ್ಬದಲ್ಲಿ ಸ್ಮರಿಸುವುದೂ ಇದೇ ತ್ಯಾಗವನ್ನು; ಕುರಾನಿನಲ್ಲಿ ಮಗನ ಹೆಸರಿಲ್ಲ, ಆತ ಇಸ್ಮಾಯಿಲನೆಂಬುದು ಬಹುತೇಕರ ನಂಬಿಕೆ. ವಯಸ್ಕರು ಈ ಕಥೆಯನ್ನು ಅಬ್ರಹಾಮನ ಕಣ್ಣಿನಿಂದ ನೋಡುತ್ತಾರೆ. ಮಗು ನೋಡುವುದು ಕಟ್ಟಿಗೆ ಹೊತ್ತು ಬೆಟ್ಟ ಹತ್ತಿದ ಹುಡುಗನ ಕಣ್ಣಿನಿಂದ. 'ಅಪ್ಪ ನನ್ನನ್ನೂ ಹಾಗೆ ಕರೆದೊಯ್ಯಬಹುದೇ?' ಎಂಬ ಭಯಕ್ಕೆ ಆ ವಯಸ್ಸಿನಲ್ಲಿ ಸಮಾಧಾನ ಹೇಳುವುದು ಸುಲಭವಲ್ಲ. ಏಕಲವ್ಯನ ಹೆಬ್ಬೆರಳಿನ ಕಥೆ ಹೇಳಿದವರಿಗೆಲ್ಲ ಈ ಇಕ್ಕಟ್ಟು ತಿಳಿದೇ ಇದೆ. ಹಿರಿಯರು ಗುರುಭಕ್ತಿಯನ್ನು ಕೊಂಡಾಡುತ್ತಿದ್ದರೆ ಮಗು ಕೇಳುವುದು ಹುಡುಗನಿಗೆ ಎಷ್ಟು ನೋವಾಯಿತೆಂದು.

ಇಂಥ ಕಥೆಗಳನ್ನು ಸಿಹಿಗೊಳಿಸಿ ಹೇಳುವುದಕ್ಕಿಂತ ಕೆಲವು ವರ್ಷ ಮುಂದೂಡುವುದೇ ಲೇಸು. ಹರಕೆಯ ಕಾರಣಕ್ಕೆ ಮಗಳನ್ನು ಕಳೆದುಕೊಂಡ ಯೆಪ್ತಾಹನ ಕಥೆಗೂ ಇದು ಅನ್ವಯಿಸುತ್ತದೆ. ಕಥೆಯ ಸ್ವರೂಪವನ್ನೇ ಬದಲಿಸಿ ಹೇಳುವ ದಾರಿಯನ್ನು ಹಿಡಿದವರೂ ಇದ್ದಾರೆ. ತರಕಾರಿಗಳೇ ಪಾತ್ರಗಳಾಗಿರುವ ಅಮೆರಿಕದ 'ವೆಜಿಟೇಲ್ಸ್' ಅನಿಮೇಷನ್ ಸರಣಿ 2000ದಲ್ಲಿ, ಪರರ ಹೆಂಡತಿಯನ್ನು ಬಯಸಿದ ದಾವೀದ ರಾಜನ ಪ್ರಸಂಗವನ್ನು ಇನ್ನೊಬ್ಬನ ರಬ್ಬರ್ ಬಾತುಕೋಳಿಗೆ ಆಸೆಪಟ್ಟ ಅರಸನ ಕಥೆಯನ್ನಾಗಿಸಿತು. ಸ್ವಾರ್ಥದ ಪಾಠ ಮಗುವಿಗೆ ಸಿಕ್ಕಿತು, ನಿಜ. ಆದರೆ ಅದು ಬೇರೆಯೇ ಕಥೆ ಎಂಬುದನ್ನು ಒಪ್ಪಿಕೊಂಡೇ ನೋಡಬೇಕು.

ಡಚ್ ಮೂಲದ ಕಲಾವಿದ ಪೀಟರ್ ಸ್ಪಿಯರ್ ಅನುಸರಿಸಿದ್ದು ಮತ್ತೊಂದು ಮಾರ್ಗ. ಅಮೆರಿಕದ ಪ್ರತಿಷ್ಠಿತ ಕ್ಯಾಲ್ಡೆಕಾಟ್ ಪದಕವನ್ನು 1978ರಲ್ಲಿ ಪಡೆದ ಅವರ 'ನೋಹನ ನಾವೆ' ಬಹುಮಟ್ಟಿಗೆ ಮಾತಿಲ್ಲದ ಚಿತ್ರಪುಸ್ತಕ. ಅದರಲ್ಲಿ ತಮಾಷೆಯಿದೆ, ನಾವೆಯೊಳಗಿನ ಸಗಣಿ ಗೊಬ್ಬರ ಬಳಿಯುವ ದಣಿವಿದೆ. ನಾವೆಯ ಹೊರಗೆ ಏರುವ ನೀರಿನಲ್ಲಿ ನಿಂತ ಪ್ರಾಣಿಗಳೂ ಇವೆ. ಚಿತ್ರ ಯಾವುದನ್ನೂ ಒತ್ತಿ ಹೇಳುವುದಿಲ್ಲ, ಮುಚ್ಚಿಡುವುದೂ ಇಲ್ಲ. ಸಿದ್ಧವಾದ ಮಗು ಅದನ್ನು ಗಮನಿಸಿ ಪ್ರಶ್ನೆ ಕೇಳುತ್ತದೆ. ಸಿದ್ಧವಿಲ್ಲದ ಮಗು ಪುಟ ತಿರುವುತ್ತದೆ.

ಪ್ರಶ್ನೆಗೆ ಜಾಗ

ಇಟಲಿಯ ಬೈಬಲ್ ವಿದ್ವಾಂಸೆ ಸೋಫಿಯಾ ಕವಲ್ಲೆತ್ತಿ 1954ರಲ್ಲಿ ರೋಮಿನಲ್ಲಿ ಮಾಂಟೆಸ್ಸರಿ ಶಿಕ್ಷಕಿ ಜಾನ್ನಾ ಗೊಬ್ಬಿ ಅವರೊಡಗೂಡಿ ಆರಂಭಿಸಿದ ಪದ್ಧತಿಯಲ್ಲಿ ಮಕ್ಕಳಿಗೆ ಕಥೆಯನ್ನು ಮಿತವಾದ ಮಾತಿನಲ್ಲಿ, ಪುಟ್ಟ ಮರದ ಗೊಂಬೆಗಳ ನೆರವಿನಿಂದ ಹೇಳಲಾಗುತ್ತದೆ. ಬಳಿಕ ಆ ಸಲಕರಣೆಗಳನ್ನು ಮಗು ತಾನೇ ಮುಟ್ಟಿ, ಜರುಗಿಸಿ, ಕಥೆಯನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಇದರಿಂದ ಪ್ರೇರಿತರಾದ ಅಮೆರಿಕದ ಜೆರೋಮ್ ಬೆರಿಮನ್ ರೂಪಿಸಿದ 'ಗಾಡ್ಲಿ ಪ್ಲೇ' ವಿಧಾನದಲ್ಲಿ, ಕಥೆ ಮುಗಿದ ಮೇಲೆ ಸರಿ ತಪ್ಪಿನ ಪ್ರಶ್ನೋತ್ತರವಿಲ್ಲ. ಈ ಕಥೆಯಲ್ಲಿ ನಿನಗೆ ಹೆಚ್ಚು ಹಿಡಿಸಿದ್ದು ಯಾವುದು, ನೀನು ಇದರಲ್ಲಿ ಎಲ್ಲಿದ್ದೀಯೆ ಎಂಬ ಬಗೆಯ, ಒಂದೇ ಉತ್ತರವಿರದ ಪ್ರಶ್ನೆಗಳನ್ನು ಕೇಳಲಾಗುತ್ತದೆ. ಹ್ಯೂಬ್ನರ್ ಅವರ ಪಾಠಕ್ರಮಕ್ಕೂ ಇದಕ್ಕೂ ಇರುವ ಅಂತರ ಗಮನಾರ್ಹ.

ಕಥೆಗಳ ದೃಷ್ಟಿಕೋನವೂ ಒಂದೇ ಆಗಿರಬೇಕಿಲ್ಲ. ಸ್ಯಾಲಿ ಲಾಯ್ಡ್-ಜೋನ್ಸ್ 2007ರಲ್ಲಿ ಬರೆದ ಜನಪ್ರಿಯ ಮಕ್ಕಳ ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆಯ ಪ್ರತಿ ಕಥೆಯೂ ಯೇಸುವಿನತ್ತ ಬೆರಳು ಮಾಡುತ್ತದೆ. ಕ್ರೈಸ್ತ ಕುಟುಂಬಕ್ಕೆ ಅದು ಸಹಜವಾದ ಓದು. ಯೆಹೂದ್ಯರಿಗೆ ಅದೇ ಕಥೆಗಳು ತಮ್ಮಷ್ಟಕ್ಕೆ ಪೂರ್ಣ. ಎಲ್ಲ ಧರ್ಮಗಳ ಮಕ್ಕಳಿರುವ ತರಗತಿಯಲ್ಲಿ ಕಥೆ ಹೇಳುವ ಶಿಕ್ಷಕರು ಇದನ್ನು ನೆನಪಿಡುವುದು ಒಳಿತು. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2010ರಲ್ಲಿ ಹೊರತಂದ ಮಕ್ಕಳ ಬೈಬಲ್ಲಿಗೆ ಜಗತ್ತಿನ ನಾನಾ ಭಾಗಗಳ ಕಲಾವಿದರು ಚಿತ್ರ ಬರೆದರು. ಪಶ್ಚಿಮ ಏಷ್ಯಾದ ಜನರನ್ನು ಹೊಂಗೂದಲಿನ ಯೂರೋಪಿಯನ್ನರಂತೆ ಚಿತ್ರಿಸುವ ಹಳೆಯ ಚಾಳಿಗೆ ಅದೊಂದು ಉತ್ತರ.

ಪೋಷಕರು ಗಮನಿಸಬೇಕಾದುದು

ಕನ್ನಡದಲ್ಲಿ ಕಥೆ ಹೇಳುವವರಿಗೆ ಒಂದು ಅನುಕೂಲವಿದೆ. ಕುರುಬ, ಹಿಂಡು, ಬಾವಿ, ಕಣ, ಮೊಳ, ಗೇಣು, ಕವಣೆ ಮುಂತಾದ ಬೈಬಲ್ ಲೋಕದ ವಸ್ತುಗಳಿಗೆಲ್ಲ ನಮ್ಮಲ್ಲಿ ಬಳಕೆಯ ಮಾತುಗಳೇ ಇವೆ. 'ಸತ್ಯವೇದ'ದ ಗ್ರಾಂಥಿಕ ವಾಕ್ಯಗಳನ್ನು ಮನೆಮಾತಿಗೆ ತಂದುಕೊಂಡರೆ ಸಾಕು, ವಸ್ತುಗಳನ್ನು ವಿವರಿಸಲು ಹೆಣಗಬೇಕಾಗಿಲ್ಲ.

ಪುಸ್ತಕ ಕೊಳ್ಳುವ ಮುನ್ನ ತಮಗೆ ಚೆನ್ನಾಗಿ ಗೊತ್ತಿರುವ ಒಂದು ಕಥೆಯನ್ನು ಅದರಲ್ಲಿ ತೆಗೆದು ಓದಿ, ಮೂಲದೊಂದಿಗೆ ಹೋಲಿಸಿ ನೋಡುವುದು ಉತ್ತಮ ಪರೀಕ್ಷೆ. ಯೋನನ ಕಥೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ನಾಲ್ಕೇ ಅಧ್ಯಾಯಗಳಾದ್ದರಿಂದ ಹತ್ತು ನಿಮಿಷದಲ್ಲಿ ಓದಬಹುದು. ಮಗುವಿಗೆ ಹೇಳದೆ ಬಿಟ್ಟದ್ದನ್ನು ಮುಂದೆ ಅದು ತಾನಾಗಿ ಓದಿ ತಿಳಿದುಕೊಳ್ಳಬಹುದು. ಆದರೆ ಬದಲಿಸಿ ಹೇಳಿದ್ದನ್ನು ಮೊದಲು ಮರೆತು, ಆಮೇಲೆ ಕಲಿಯಬೇಕಾಗುತ್ತದೆ. ಅಷ್ಟರೊಳಗೆ ಕಥೆ ಹೇಳಿದವರ ಮೇಲಿನ ನಂಬಿಕೆಯೂ ಸಡಿಲಗೊಂಡಿರಬಹುದು.

ನೋಹನ ಕಥೆ ಕೇಳಿದ ಮಗು ಒಂದಲ್ಲ ಒಂದು ದಿನ 'ಉಳಿದವರೆಲ್ಲ ಏನಾದರು?' ಎಂದು ಕೇಳಿಯೇ ಕೇಳುತ್ತದೆ. ಆಗ ಮಾತು ತೇಲಿಸದೆ, ಅವರು ನೀರಿನಲ್ಲಿ ಮುಳುಗಿಹೋದರೆಂದೂ, ಇನ್ನು ಮುಂದೆ ಇಂಥ ಪ್ರಳಯ ಬರುವುದಿಲ್ಲವೆಂದು ದೇವರು ಮಾತು ಕೊಟ್ಟನೆಂದೂ, ಅದರ ಗುರುತಾಗಿ ಕಾಮನಬಿಲ್ಲನ್ನು ಇಟ್ಟನೆಂದೂ ಮೂಲದಲ್ಲಿರುವಂತೆಯೇ ಹೇಳಬಹುದು. ಮಗು ಇನ್ನಷ್ಟು ಕೇಳಿದರೆ ಇನ್ನಷ್ಟು ಹೇಳಬೇಕು. ಕೇಳದಿದ್ದರೆ ಅಂದಿಗೆ ಅಷ್ಟು ಸಾಕು.